ತೇಗದ ನಾಡಿನಲ್ಲಿ ಓಕಿನ ರುಚಿ

ದಾಂಡೇಲಿ ಬಳಿಯ ಕೋಗಿಲಬನದ ಒಂದು ಮನೆಯ ಪಡಸಾಲೆ. ಮಾತಾಡುವವರು ಮೂವರು: ದಾಂಡೇಲಿಯ ಮರದ ಡಿಪೋದಲ್ಲಿ ದಿಮ್ಮಿಗಳ ಸುತ್ತಳತೆ ಹಿಡಿಯುತ್ತ ನೌಕರಿ ಮುಗಿಸಿದ ಹಿರಿಯರು, ಅವರ ಕಣ್ಣೆದುರೇ ಬೆಳೆದು ಈಗ ಬೆಂಗಳೂರಿನಲ್ಲಿ ಬಿಯರ್ ತಯಾರಿಸುವ ಗೆಳೆಯ, ಹಳಿಯಾಳದವಳಾದ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಗೆಳತಿ. ಒಬ್ಬೊಬ್ಬರ ಮುಂದೆಯೂ ನಾಲ್ಕು ಸಣ್ಣ ಗಾಜಿನ ಲೋಟಗಳಲ್ಲಿ ಸ್ಟೌಟ್ ಎಂಬ ಕಪ್ಪು ಬಿಯರ್. ಲೋಟದ ಕೆಳಗಿನ ಚೀಟಿಗಳಲ್ಲಿ ಅ, ಆ, ಇ, ಈ. ಯಾವ ಲೋಟದಲ್ಲಿ ಯಾವುದಿದೆ ಎಂಬುದು ಸುರಿದ ಗೆಳತಿಗೆ ಮಾತ್ರ ಗೊತ್ತು.

ಹಿರಿಯರು: ಇಷ್ಟೇನಾ ತಂಗಿ? ಕೆಮ್ಮಿನ ಔಷಧ ಅಳೆದ ಹಾಗಿದೆಯಲ್ಲ.

ಗೆಳತಿ: ಐವತ್ತು ಮಿಲಿ, ಕಾಕಾ. ಲೆಕ್ಕ ಹಾಕಿಯೇ ಸುರಿದಿದ್ದೇನೆ. ಈ ನಾಲ್ಕರಲ್ಲಿ ಅತಿ ಗಡುಸಾದದ್ದು ಸುಮಾರು 14%. ಅದರ ಅರ್ಧ ಲೀಟರ್ ಬಾಟಲಿಯಲ್ಲಿ ಶುದ್ಧ ಮದ್ಯಸಾರವೇ 70 ಮಿಲಿ ಆಯಿತು. ನಮ್ಮ ಕಡೆಯ ವಿಸ್ಕಿ 42.8%, ಅದರ 60 ಮಿಲಿಯ ದೊಡ್ಡ ಪೆಗ್ಗಿನಲ್ಲಿ ಇರುವುದು ಹೆಚ್ಚುಕಡಿಮೆ 26 ಮಿಲಿ. ಬಿಯರ್ ತಾನೇ ಅಂತ ಒಬ್ಬರೇ ಆ ಬಾಟಲಿ ಮುಗಿಸಿದರೆ ಮೂರು ದೊಡ್ಡ ಪೆಗ್ಗಿನ ಹತ್ತಿರ ಹೋಗುತ್ತದೆ. ಈಗ ನಿಮ್ಮ ಮುಂದಿರುವ ನಾಲ್ಕು ಲೋಟ ಕೂಡಿದರೆ ಒಂದು ಪೆಗ್ಗೂ ಆಗುವುದಿಲ್ಲ.

ಗೆಳೆಯ: ಇದಕ್ಕಿಂತ ಹೆಚ್ಚು ಸುರಿದರೆ ಮೂರನೇ ಲೋಟಕ್ಕೆ ನಾಲಿಗೆ ಸೋಲುತ್ತದೆ ಕಾಕಾ. ರುಚಿ ನೋಡುವವರಿಗೆ ಇಷ್ಟೇ ಅಳತೆ. ಒಂದು ಗಂಟೆ ಮೊದಲೇ ಫ್ರಿಜ್ಜಿನಿಂದ ಹೊರಗೆ ತೆಗೆದಿಟ್ಟಿದ್ದೂ ಅದಕ್ಕೇ. ಹನ್ನೆರಡು ಹದಿಮೂರು ಡಿಗ್ರಿಗೆ ಬಂದರೆ ವಾಸನೆ ಬಿಚ್ಚಿಕೊಳ್ಳುತ್ತದೆ. ಮಂಜಿನಂತೆ ತಣ್ಣಗಿದ್ದರೆ ಕಹಿ ಒಂದೇ ಗೊತ್ತಾಗುತ್ತದೆ.

ಹಿರಿಯರು: ಬಾಟಲಿ ಎಲ್ಲಿಂದ ತಂದೆ?

ಗೆಳೆಯ: ಅಕ್ಕ ಶಿಕಾಗೋದಲ್ಲಿದ್ದಾಳಲ್ಲ. ಬರುವಾಗ ಒಬ್ಬರಿಗೆ ಎರಡು ಲೀಟರ್ ಮಾತ್ರ ಸುಂಕವಿಲ್ಲದೆ ತರಬಹುದು. ಅದಕ್ಕೇ ಒಂದೊಂದೇ ಕೂಡಿಹಾಕಿ ಇಟ್ಟುಕೊಂಡಿದ್ದೆ. ಸ್ಕಾಟ್ಲೆಂಡಿನ ಒಂದು ಬಾಟಲಿಯೂ ಇದೆ. ನಾಲ್ಕರಲ್ಲಿ ಒಂದು ಪೀಪಾಯಿಯ ಮುಖ ಕಾಣದೇ ಬಂದದ್ದು; ಉಳಿದ ಮೂರು ವಿಸ್ಕಿ ಕುಡಿದ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಮಲಗಿ ಬಂದವು. ಮೊದಲು ಮೂಸಿ. ಕುಡಿಯುವ ಅವಸರ ಬೇಡ.

ಹಿರಿಯರು: ‘ಅ’ ಲೋಟ. ಹುರಿದ ವಾಸನೆ. ಚಿಕೋರಿ ಹೆಚ್ಚು ಹಾಕಿದ ಕಾಫಿ, ತಳ ಹಿಡಿದ ಬೆಲ್ಲದ ಪಾಕ. ಬಾಯಿಗೆ ಹಾಕಿದರೆ ಮೊದಲು ಸಿಹಿ, ಆಮೇಲೆ ಕಹಿ ಬಂದು ಕೂತುಬಿಡುತ್ತದೆ. ಮರದ ಸುಳಿವಿಲ್ಲ.

ಗೆಳೆಯ: ನನಗೂ ಹಾಗೇ ಅನಿಸಿತು. ಇದು ಓಲ್ಡ್ ರಾಸ್‌ಪುಟಿನ್ ಇರಬೇಕು. ಕ್ಯಾಲಿಫೋರ್ನಿಯಾದ ಫೋರ್ಟ್ ಬ್ರಾಗ್‌ನ ನಾರ್ತ್ ಕೋಸ್ಟ್ ಕಂಪನಿಯದು, 9%.

ಗೆಳತಿ: ಸರಿ. ‘ಅ’ ಅದೇ.

ಹಿರಿಯರು: ಬಾರ್ಲಿಯಿಂದ ಮಾಡಿದ್ದಕ್ಕೆ ಈ ಕಪ್ಪು ಎಲ್ಲಿಂದ? ಮುಂಡಗೋಡದ ಟಿಬೆಟ್ ಕ್ಯಾಂಪಿನಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ಬೆಣ್ಣೆ ಚಹಾದೊಳಗೆ ಬಾರ್ಲಿ ಹಿಟ್ಟು ಕಲೆಸಿ ಕೊಟ್ಟಿದ್ದರು. ತ್ಸಾಂಪಾ ಅನ್ನುತ್ತಾರೆ. ಅದನ್ನೂ ಹುರಿದೇ ಬೀಸುವುದಂತೆ. ಆದರೆ ಹಿಟ್ಟಿನ ಬಣ್ಣ ತೆಳು ಕಂದು.

ಗೆಳೆಯ: ಸರಿಯಾದ ಜಾಗ ಹಿಡಿದಿರಿ ಕಾಕಾ. ತ್ಸಾಂಪಾಕ್ಕೆ ಕಾಳು ಅರಳುವವರೆಗೆ ಹುರಿಯುತ್ತಾರೆ. ಸ್ಟೌಟಿಗೆ ಇನ್ನೂ ಮುಂದೆ ಹೋಗಬೇಕು, ಇನ್ನೇನು ಇದ್ದಿಲಾಯಿತು ಅನ್ನುವಲ್ಲಿ ನಿಲ್ಲಿಸಬೇಕು. 1817ರಲ್ಲಿ ಡೇನಿಯಲ್ ವೀಲರ್ ಎಂಬಾತ ಇಂಗ್ಲೆಂಡಿನಲ್ಲಿ ಇದಕ್ಕೊಂದು ಯಂತ್ರ ಮಾಡಿ ಪೇಟೆಂಟ್ ಪಡೆದ. ತಿರುಗುವ ಸಿಲಿಂಡರಿನಲ್ಲಿ ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಹೊತ್ತದಂತೆ ಕಪ್ಪಗೆ ಹುರಿಯುವ ಯಂತ್ರ. ಬುಟ್ಟಿಗಟ್ಟಲೆ ಕಂದು ಮಾಲ್ಟ್ ಸುರಿಯುತ್ತಿದ್ದವರಿಗೆ ಆಮೇಲೆ ಒಂದು ಹಿಡಿ ಕಪ್ಪು ಮಾಲ್ಟೇ ಬಣ್ಣಕ್ಕೆ ಸಾಕಾಯಿತು.

ಗೆಳತಿ: ಅದಕ್ಕೂ ಮೊದಲೇ ಲಂಡನ್ನಿನಲ್ಲಿ ಗಡುಸು ಪೋರ್ಟರ್ ಬಿಯರ್ ಇತ್ತಲ್ಲ, ರಷ್ಯಾದ ಅರಮನೆಗೆ ಹೋಗುತ್ತಿದ್ದದ್ದು?

ಗೆಳೆಯ: ಸದರ್ಕ್‌ನ ಆ್ಯಂಕರ್ ಬ್ರೂವರಿಯದು. ಮೊದಲು ಥ್ರೇಲ್ ಮನೆತನದ್ದಾಗಿತ್ತು, 1781ರಲ್ಲಿ ಬಾರ್ಕ್ಲೇ ಪರ್ಕಿನ್ಸ್ ಕೈಗೆ ಬಂತು. ಹದಿನೆಂಟನೇ ಶತಮಾನದ ಕೊನೆಗೆ ಅಲ್ಲಿಂದ ರಷ್ಯಾದ ಮಹಾರಾಣಿಗೆ ಪೀಪಾಯಿಗಳು ಹೋಗುತ್ತಿದ್ದವು. ಇಂಪೀರಿಯಲ್ ಸ್ಟೌಟ್ ಎಂಬ ಹೆಸರು ಹುಟ್ಟಿದ್ದು ಆ ವ್ಯಾಪಾರದಲ್ಲಿ. ಆಗ ಬಿಯರ್ ಹೆಚ್ಚಾಗಿ ಮರದಲ್ಲೇ ಇರುತ್ತಿತ್ತು. ಲಂಡನ್ನಿನವರು ಪೋರ್ಟರನ್ನು ಮನೆ ಗಾತ್ರದ ಮರದ ತೊಟ್ಟಿಗಳಲ್ಲಿ ತಿಂಗಳುಗಟ್ಟಲೆ ಮಾಗಿಸುತ್ತಿದ್ದರು. 1814ರ ಅಕ್ಟೋಬರ್ 17ರಂದು ಮ್ಯೂ ಕಂಪನಿಯ ಒಂದು ತೊಟ್ಟಿಯ ಕಬ್ಬಿಣದ ಪಟ್ಟಿ ಜಾರಿ, ತೊಟ್ಟಿ ಒಡೆದು, ಬಿಯರ್ ಹಿಂದಿನ ಬಡವರ ಓಣಿಗೆ ನುಗ್ಗಿ ಎಂಟು ಜನ ಸತ್ತರು. ಸತ್ತವರೆಲ್ಲ ಹೆಂಗಸರು, ಮಕ್ಕಳು.

ಹಿರಿಯರು: ಪಟ್ಟಿ ಸಡಿಲಾದರೆ ಹಲಗೆಗೆ ಏನು ಬಲವಿದೆ? ಪೀಪಾಯಿಗೆ ಮೊಳೆಯಿಲ್ಲ, ಅಂಟಿಲ್ಲ. ಹಲಗೆ ಉಬ್ಬಬೇಕು, ಪಟ್ಟಿ ಬಿಗಿಯಬೇಕು. ಎರಡರ ಜಗಳದಲ್ಲೇ ಅದು ನಿಲ್ಲುವುದು. ಆಗಿನ ಬಿಯರಿಗೂ ಮರದ ರುಚಿ ಬರುತ್ತಿತ್ತಾ?

ಗೆಳೆಯ: ಅವರಿಗೆ ಅದು ಬೇಡವಾಗಿತ್ತು ಕಾಕಾ! ಇಂಗ್ಲೆಂಡಿನ ಬಿಯರ್‌ನವರು ಬಾಲ್ಟಿಕ್ ತೀರದ ಮೇಮೆಲ್ ಬಂದರಿನಿಂದ ಓಕ್ ತರಿಸುತ್ತಿದ್ದರು, ಅದು ಬಿಯರಿಗೆ ಏನನ್ನೂ ಬಿಟ್ಟುಕೊಡುವುದಿಲ್ಲ ಎಂಬ ಕಾರಣಕ್ಕೆ. ಅಮೆರಿಕದ ಓಕನ್ನು ಹೆಚ್ಚಿನವರು ದೂರ ಇಡುತ್ತಿದ್ದರು. ಬಿಯರಿಗೆ ಮರದ ವಾಸನೆ ಹತ್ತುತ್ತದೆ ಅಂತ. ಇಂದು ನಾವು ದುಡ್ಡು ಕೊಟ್ಟು ಹುಡುಕುವುದು ಅದೇ ವಾಸನೆಯನ್ನು. ‘ಈ’ ಲೋಟ ನೋಡಿ.

ಹಿರಿಯರು: ‘ಈ’... ಅಯ್ಯೋ, ಇದು ಬೇರೆಯೇ. ಮೂಗಿನ ಹತ್ತಿರ ತಂದರೆ ಸಾಕು, ಒಣಕೊಬ್ಬರಿ ಹುರಿದ ವಾಸನೆ. ವೆನಿಲ್ಲಾ. ಒಲೆಯ ಮೇಲಿನಿಂದ ಆಗತಾನೇ ಇಳಿಸಿದ ಜೋನಿಬೆಲ್ಲ. ದಪ್ಪಗೆ ಲೋಟದ ಗೋಡೆ ಹಿಡಿದು ಇಳಿಯುತ್ತದೆ. ನುಂಗಿದ ಮೇಲೆ ಎದೆ ಬಿಸಿ.

ಗೆಳೆಯ: ಗೂಸ್ ಐಲ್ಯಾಂಡ್‌ನ ಬರ್ಬನ್ ಕೌಂಟಿ ಸ್ಟೌಟ್. ಇದನ್ನು ಗುರುತಿಸಲು ಚೀಟಿ ಬೇಡ.

ಗೆಳತಿ: ಅದೇ. ಆದರೆ ನಡುವಿನ ಎರಡನ್ನು ಬಿಟ್ಟು ಹಾರಿದಿರಿ. ನಾನು ಸಾಲಾಗಿ ಇಟ್ಟದ್ದು ಸುಮ್ಮನೆ ಅಲ್ಲ. ಗಡುಸಾದದ್ದನ್ನು ಮೊದಲು ಕುಡಿದರೆ ಮೆತ್ತಗಿನದು ನೀರಿನ ಹಾಗಾಗುತ್ತದೆ. ಸ್ವಲ್ಪ ಉಪ್ಪಿಲ್ಲದ ಜೋಳದ ರೊಟ್ಟಿ ತಿಂದು, ನೀರು ಕುಡಿದು, ‘ಆ’ ಲೋಟಕ್ಕೆ ಬನ್ನಿ.

ಹಿರಿಯರು: ಬರುತ್ತೇನೆ. ಅದಕ್ಕೆ ಮೊದಲು ಹೇಳಪಾ, ಆ ಕೊಬ್ಬರಿ ವಾಸನೆ ಮರದ್ದೋ, ಒಳಗೆ ಏನಾದರೂ ಹಾಕಿದ್ದಾರೋ?

ಗೆಳತಿ: ಇದು ನನ್ನ ಪಾಠ. ಕೊಬ್ಬರಿ ಹಾಕಿಲ್ಲ. ಓಕಿನಲ್ಲಿ ಲ್ಯಾಕ್ಟೋನ್ ಎಂಬ ವಸ್ತುವಿದೆ, ಅಮೆರಿಕದ ಬಿಳಿ ಓಕಿನಲ್ಲಿ ಹೆಚ್ಚು. ಕೊಬ್ಬರಿಯ ಪರಿಮಳ ಅದರದು. ಮರದ ಕಣಗಳನ್ನು ಹಿಡಿದು ನಿಲ್ಲಿಸುವ ಲಿಗ್ನಿನ್ ಬೆಂಕಿಗೆ ಒಡೆದಾಗ ವೆನಿಲಿನ್ ಬರುತ್ತದೆ; ವೆನಿಲ್ಲಾ ಕೋಡಿನಲ್ಲಿರುವ ಅದೇ ಅಣು. ಹೆಮಿಸೆಲ್ಯುಲೋಸ್ ಸುಟ್ಟು ಸಕ್ಕರೆಗಳಾಗಿ ಕ್ಯಾರಮೆಲ್ ರುಚಿ ಕೊಡುತ್ತದೆ. ಹೊಗೆಯ ವಾಸನೆ ಗ್ವಾಯಕಾಲ್‌ನದು. ಮರಕ್ಕೆ ಬೆಂಕಿ ತೋರಿಸದಿದ್ದರೆ ಇದರಲ್ಲಿ ಬಹುಪಾಲು ಹೊರಗೆ ಬರುವುದೇ ಇಲ್ಲ. ಬರ್ಬನ್ ಎಂಬ ಅಮೆರಿಕದ ವಿಸ್ಕಿಯ ಪೀಪಾಯಿಯ ಒಳಮೈಯನ್ನು ಇದ್ದಿಲಾಗುವಷ್ಟು ಸುಡುತ್ತಾರೆ.

ಗೆಳೆಯ: ಅಮೆರಿಕದ ಕಾನೂನಿನ ಪ್ರಕಾರ ಬರ್ಬನ್ನನ್ನು ಹೊಸ, ಒಳಗೆ ಸುಟ್ಟ ಓಕಿನಲ್ಲೇ ಇಡಬೇಕು. ಒಮ್ಮೆ ಬರ್ಬನ್ ತುಂಬಿದ ಪೀಪಾಯಿಗೆ ಮತ್ತೆ ಬರ್ಬನ್ ತುಂಬುವಂತಿಲ್ಲ. ಸುಮಾರು ಇನ್ನೂರು ಲೀಟರಿನ ಪೀಪಾಯಿಗಳು ಹೀಗೆ ರಾಶಿರಾಶಿ ಮಿಗುತ್ತವೆ. ಸ್ಕಾಟ್ಲೆಂಡಿಗೆ ಹೋಗುತ್ತವೆ, ನಮ್ಮ ಬೆಂಗಳೂರಿಗೂ ಬರುತ್ತವೆ. ಶಿಕಾಗೋದ ಗೂಸ್ ಐಲ್ಯಾಂಡ್‌ನಲ್ಲಿ ಬಿಯರ್ ಮಾಡುತ್ತಿದ್ದ ಗ್ರೆಗ್ ಹಾಲ್, ಜಿಮ್ ಬೀಮ್ ಮನೆತನದ ಬುಕರ್ ನೋ ಅವರಿಂದ ಅಂಥ ಆರು ಪೀಪಾಯಿ ಪಡೆದು ಸ್ಟೌಟ್ ತುಂಬಿಸಿದ. ಕಂಪನಿ ಬಹಳ ಕಾಲ 1992 ಅಂತ ಹೇಳಿಕೊಂಡು ಬಂತು; ಹಳೆಯ ದಾಖಲೆ ಕೆದಕಿದವರು 1995ರಲ್ಲಿ ಮೊದಲು ಜನರಿಗೆ ಸಿಕ್ಕಿತು ಅನ್ನುತ್ತಾರೆ. ನನಗೆ ಎರಡನೆಯದೇ ಸರಿ ಕಾಣುತ್ತದೆ. ಏನೇ ಇರಲಿ, ಇವತ್ತು ಲೋಕದ ಎಲ್ಲ ಕಡೆ ಪೀಪಾಯಿ ಸ್ಟೌಟ್ ಮಾಡುವವರು ಆ ಆರು ಪೀಪಾಯಿಯ ಸಾಲದಲ್ಲಿದ್ದಾರೆ.

ಹಿರಿಯರು: ಖಾಲಿಯಾದ ಪೀಪಾಯಿ ಅಂದೆಯಲ್ಲ, ಖಾಲಿ ಅನ್ನುವುದು ಸುಳ್ಳು. ವರ್ಷಗಟ್ಟಲೆ ವಿಸ್ಕಿ ಕುಡಿದ ಹಲಗೆ ಅದನ್ನು ಬಿಟ್ಟುಕೊಡುತ್ತದಾ?

ಗೆಳೆಯ: ಲೀಟರುಗಟ್ಟಲೆ ಒಳಗೇ ಉಳಿದಿರುತ್ತದೆ. ಸ್ಟೌಟ್ ಸುರಿದ ಮೇಲೆ ಹೊರಗೆ ಬರುತ್ತದೆ. ಪೀಪಾಯಿಗೆ ಹೋಗುವಾಗ ಇದ್ದದ್ದಕ್ಕಿಂತ ಒಂದೆರಡು ಶೇಕಡಾ ಗಡುಸಾಗಿ ಬಿಯರ್ ಹೊರಬರುವುದು ಅದರಿಂದಲೇ. ಈಗ ‘ಆ’ ಲೋಟ.

ಹಿರಿಯರು: ‘ಆ’ ಲೋಟ ಸಣ್ಣ ದನಿಯದು. ಒಣ ಅಂಜೂರ, ಸ್ವಲ್ಪ ಉಪ್ಪುಪ್ಪು, ಹಿಂದೆ ಎಲ್ಲೋ ಹೊಗೆ. ಜೋಯಿಡಾ ಕಡೆಯ ಮನೆಗಳಲ್ಲಿ ಮಳೆಗಾಲಕ್ಕೆ ಅಟ್ಟದ ಮೇಲೆ ಒಣಗಲು ಇಟ್ಟ ವಸ್ತುವಿಗೆ ಒಲೆಯ ಹೊಗೆ ಹಿಡಿದಿರುತ್ತದಲ್ಲ, ಅದು. ‘ಈ’ ಲೋಟದ ಗದ್ದಲ ಇದರಲ್ಲಿ ಇಲ್ಲ.

ಗೆಳೆಯ: ಅದು ಓಲಾ ಡೂ. ಸ್ಕಾಟ್ಲೆಂಡಿನ ಹಾರ್ವಿಸ್ಟನ್‌ನವರದು, 8%. ಆರ್ಕ್ನಿ ದ್ವೀಪದ ಹೈಲ್ಯಾಂಡ್ ಪಾರ್ಕ್ ವಿಸ್ಕಿಯ ಪೀಪಾಯಿಗಳಲ್ಲಿ ಮಾಗಿಸುತ್ತಾರೆ. ಆ ವಿಸ್ಕಿಗೆ ಪೀಟ್ ಎಂಬ ಜೌಗುಮಣ್ಣು ಉರಿಸಿ ಹೊಗೆ ಕೊಟ್ಟ ಮಾಲ್ಟ್ ಬೆರೆಸುತ್ತಾರೆ, ನೀವು ಹೇಳಿದ ಹೊಗೆ ಅಲ್ಲಿಂದ ಬಂದದ್ದು. ಆ ಪೀಪಾಯಿಗಳಲ್ಲಿ ಬಹುಪಾಲು ಮೊದಲು ಶೆರ್ರಿ ವೈನ್ ತುಂಬಿದ್ದವು. ಅಂಜೂರ ಅದರದು. ಹನ್ನೆರಡು ವರ್ಷ ವಿಸ್ಕಿ ಹೊತ್ತ ಮರ ತನ್ನಲ್ಲಿದ್ದ ಕೊಬ್ಬರಿ, ವೆನಿಲ್ಲಾ ಎಲ್ಲ ಕೊಟ್ಟು ಮುಗಿಸಿದೆ. ಈಗ ಅದು ತನ್ನ ರುಚಿ ಹೇಳುತ್ತಿಲ್ಲ, ಹಿಂದೆ ತನ್ನೊಳಗೆ ಇದ್ದವರ ರುಚಿ ಹೇಳುತ್ತಿದೆ.

ಗೆಳತಿ: ನನಗೆ ನಾಲ್ಕರಲ್ಲಿ ಇದೇ ಹೆಚ್ಚು ಇಷ್ಟ.

ಗೆಳೆಯ: ನನಗೆ ‘ಈ’ ಲೋಟ. ಆದರೆ ನಿನ್ನ ಮಾತು ಯಾಕೆ ಅಂತ ಗೊತ್ತು. ‘ಆ’ ಲೋಟದಲ್ಲಿ ಬಿಯರ್ ಇನ್ನೂ ಕೇಳಿಸುತ್ತದೆ. ಹುರಿದ ಮಾಲ್ಟ್ ಇದೆ, ಹಾಪ್ಸ್ ಹೂವಿನ ಕಹಿ ಇದೆ. ನಾನು ರುಚಿ ನೋಡಿದ ಎಷ್ಟೋ ಪೀಪಾಯಿ ಸ್ಟೌಟುಗಳಲ್ಲಿ ಇದೇ ಇರುವುದಿಲ್ಲ. ಮರ ಮತ್ತು ವಿಸ್ಕಿ ಬಿಟ್ಟರೆ ಒಳಗೆ ಏನೂ ಇಲ್ಲ. ಪೀಪಾಯಿಯ ಹೆಸರಿಗೆ ದುಡ್ಡು ಹುಟ್ಟುತ್ತದೆ ಅಂತ ತೆಳು ಬಿಯರನ್ನೂ ತುಂಬಿಸುತ್ತಾರೆ. ಪೀಪಾಯಿಗೆ ಇಳಿಸುವ ಮೊದಲೇ ಆ ಸ್ಟೌಟ್ ತನ್ನ ಕಾಲ ಮೇಲೆ ನಿಂತಿರಬೇಕು. ಮರದ ಎದುರು ಮಾತಾಡುವ ಶಕ್ತಿ ಇರಬೇಕು. ಒಂದನ್ನೇ ಕುಡಿದರೆ ಇದು ತಿಳಿಯುವುದಿಲ್ಲ ಕಾಕಾ. ವೆನಿಲ್ಲಾ ಬಂತು, ಸಿಹಿ ಬಂತು, ಚೆನ್ನಾಗಿದೆ ಅನಿಸಿಬಿಡುತ್ತದೆ. ಪಕ್ಕದಲ್ಲಿ ಪೀಪಾಯಿಯಿಲ್ಲದ ‘ಅ’ ಲೋಟ ಇಟ್ಟುಕೊಂಡು ಕುಡಿದಾಗಲೇ ಮರ ಏನು ಕೊಟ್ಟಿತು, ಏನು ಮುಚ್ಚಿತು ಅಂತ ಕಾಣುವುದು.

ಗೆಳತಿ: ಜೊತೆಗಿರುವವರೂ ಬೇಕು. ಕಾಕಾ ಹೊಗೆ ಅಂದಾಗಲೇ ನನಗೆ ಆ ಹೊಗೆ ಸಿಕ್ಕಿತು. ಅಲ್ಲಿಯವರೆಗೆ ಅದನ್ನು ಉಪ್ಪು ಅಂತ ಮಾತ್ರ ತಿಳಿದಿದ್ದೆ.

ಹಿರಿಯರು: ‘ಇ’ ಲೋಟ ಯಾರೂ ಕೇಳುತ್ತಿಲ್ಲ. ಇದರಲ್ಲಿ ಕಾಫಿ ಬಿಟ್ಟು ಬೇರೇನೂ ನನಗೆ ಹತ್ತಲಿಲ್ಲ. ಒಳ್ಳೆಯ ಕಾಫಿ. ಮರ ಇದೆ ಅಂತೀರಾ?

ಗೆಳೆಯ: ಫೌಂಡರ್ಸ್ ಕಂಪನಿಯ ಕೆಬಿಎಸ್. ಮಿಶಿಗನ್‌ನ ಗ್ರ್ಯಾಂಡ್ ರ್‍ಯಾಪಿಡ್ಸ್‌ನದು. ಕಾಫಿ, ಚಾಕೊಲೇಟ್ ಹಾಕಿಯೇ ಬರ್ಬನ್ ಪೀಪಾಯಿಯಲ್ಲಿ ಇಡುತ್ತಾರೆ. ಮರ ಇದೆ, ಕಾಫಿಯ ಹಿಂದೆ ನಿಂತಿದೆ. ಧಾರವಾಡ ಪೇಡೆ ಒಂದು ಚೂರು ಬಾಯಿಗೆ ಹಾಕಿಕೊಂಡು ಮತ್ತೆ ಕುಡಿಯಿರಿ.

ಹಿರಿಯರು: ...ಹೌದಲ್ಲ. ಪೇಡೆ ಕಾಫಿಯನ್ನು ಹಿಂದಕ್ಕೆ ತಳ್ಳಿತು. ಈಗ ಕೊಬ್ಬರಿ ಬಂತು.

ಗೆಳತಿ: ಪೇಡೆಯಲ್ಲಿ ಹಾಲನ್ನು ಕಂದಾಗುವವರೆಗೆ ಹುರಿಯುತ್ತಾರೆ. ಸ್ಟೌಟಿನ ಮಾಲ್ಟಿನಲ್ಲಿ ನಡೆಯುವ ರಾಸಾಯನಿಕ ಕ್ರಿಯೆಯೇ ಬಾಣಲೆಯಲ್ಲೂ ನಡೆಯುವುದು. ಪ್ರೋಟೀನು, ಸಕ್ಕರೆ, ಬಿಸಿ. ಒಂದೇ ಜಾತಿಯ ರುಚಿ ಎರಡೂ ಕಡೆ ಇರುವುದರಿಂದ ನಾಲಿಗೆ ಅದನ್ನು ಬದಿಗಿಟ್ಟು ಉಳಿದದ್ದನ್ನು ಹುಡುಕುತ್ತದೆ ಅಂತ ನನ್ನ ಊಹೆ. ಇಂಥ ಬಿಯರಿಗೆ ಚಾಕೊಲೇಟ್ ಕೇಕಿಗಿಂತ ನಮ್ಮ ಪೇಡೆ ಮೇಲು. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಹಿರಿಯರು: ಈಗ ನನ್ನ ಪ್ರಶ್ನೆ. ಓಕೇ ಯಾಕೆ? ನಮ್ಮ ತೇಗವನ್ನು ಲೋಕವೆಲ್ಲ ಹಡಗಿಗೆ ಒಯ್ದಿತು. ನೀರಿಗೆ ಹೆದರದ ಮರ ಅದು.

ಗೆಳೆಯ: ನೀವೇ ಹೇಳಿ. ಮರ ಮುಟ್ಟಿದವರು ನೀವು.

ಹಿರಿಯರು: ನನಗೆ ಅನಿಸುವುದು ಹೀಗೆ. ತೇಗದ ಹೊಸ ಹಲಗೆ ಮೇಲೆ ಕೈಯಾಡಿಸಿದರೆ ಜಿಡ್ಡು ಹತ್ತುತ್ತದೆ. ಎಣ್ಣೆ, ಮೇಣ, ರಬ್ಬರಿನಂಥದ್ದು ಒಳಗಿದೆ. ಚರ್ಮ ಹದ ಮಾಡುವಲ್ಲಿ ಬರುವಂಥ ವಾಸನೆ. ಹಡಗಿಗೆ, ಬಾಗಿಲಿಗೆ ಅದು ಗುಣ. ಕುಡಿಯುವ ವಸ್ತುವಿಗೆ ಅದೇ ದೋಷವಾಗುತ್ತದೆ. ಮತ್ತಿ ಮರ ನೋಡು, ಮೊಸಳೆ ಚರ್ಮದಂಥ ತೊಗಟೆಯದು. ಬೇಸಿಗೆಯಲ್ಲಿ ಅದರ ಬೊಡ್ಡೆ ಕೊರೆದರೆ ನೀರು ಬರುತ್ತದೆ. ಆದರೆ ಒಗರು. ಹೊನ್ನೆಯ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಸಕ್ಕರೆ ಕಾಯಿಲೆಯವರು ಕುಡಿಯುತ್ತಾರೆ. ನೀರು ಹೊಂಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ಅಂಚಿನಲ್ಲಿ ನೀಲಿ ಹೊಳೆಯುತ್ತದೆ. ನೋಡಲು ಚಂದ, ಕುಡಿದರೆ ಕಷಾಯ. ಎಲ್ಲ ಮರವೂ ರುಚಿ ಬಿಡುತ್ತದೆ ತಮ್ಮಾ. ಬಾಯಿ ಒಪ್ಪುವ ರುಚಿ ಬಿಡುವುದು ಕೆಲವೇ.

ಗೆಳತಿ: ಓಕಿನ ಇನ್ನೊಂದು ಗುಣ, ಅದರ ಕೊಳವೆಗಳು. ಬಿಳಿ ಓಕಿನ ನೀರ್ಗೊಳವೆಗಳೊಳಗೆ ಟೈಲೋಸ್ ಎಂಬ ಗುಳ್ಳೆಗಳು ಬೆಳೆದು ದಾರಿ ಮುಚ್ಚುತ್ತವೆ. ಅದಕ್ಕೇ ಸೋರುವುದಿಲ್ಲ. ಕೆಂಪು ಓಕಿನಲ್ಲಿ ಅವು ಅಷ್ಟಾಗಿ ಇರುವುದಿಲ್ಲ. ಒಂದು ತುಂಡಿನ ತುದಿಗೆ ಬಾಯಿಟ್ಟು ಊದಿದರೆ ಇನ್ನೊಂದು ತುದಿಯಲ್ಲಿ ಗಾಳಿ ಬರುತ್ತದೆ.

ಗೆಳೆಯ: ಆದರೂ ಓಕೇ ಕೊನೆ ಅಲ್ಲ. ಶ್ರೀಲಂಕಾದಲ್ಲಿ ತೆಂಗಿನ ಹೆಂಡ ಬಟ್ಟಿಯಿಳಿಸಿದ ಅರಕ್ಕನ್ನು ಹಲ್ಮಿಲ್ಲ ಮರದ ತೊಟ್ಟಿಗಳಲ್ಲಿ ಮಾಗಿಸುತ್ತಾರೆ. ಬ್ರೆಜಿಲ್‌ನಲ್ಲಿ ಕಬ್ಬಿನ ಕಶಾಸಾಗೆ ಅಂಬುರಾನಾ ಮರ. ಅದಕ್ಕೆ ದಾಲ್ಚಿನ್ನಿಯ ಪರಿಮಳ, ಅಮೆರಿಕದವರು ಈಗ ಸ್ಟೌಟನ್ನೂ ಅದರಲ್ಲಿ ಇಡುತ್ತಿದ್ದಾರೆ. ನಮ್ಮ ಕಾಡಿನಲ್ಲಿ ಅಂಥದ್ದು ಇಲ್ಲ ಅಂತ ಹೇಳಲು ಯಾರಾದರೂ ಸರಿಯಾಗಿ ನೋಡಿರಬೇಕಲ್ಲ? ಹಲಸಿನ ಮರ ನನ್ನ ತಲೆಯಲ್ಲಿದೆ.

ಹಿರಿಯರು: ಹಲಸು ಆಗಬಹುದು. ತೋಟದ ಮರ, ಕಾಡಿಗೆ ಕೈ ಹಾಕಬೇಕಿಲ್ಲ. ಹಳದಿ ಬಣ್ಣ ಮಾತ್ರ ಬಿಡುತ್ತದೆ.

ಗೆಳತಿ: ಕರ್ನಾಟಕದಲ್ಲಿ ಪೀಪಾಯಿ ಬಿಯರ್ ಯಾಕೆ ಇಷ್ಟು ಅಪರೂಪ? ನಮಗೆ ಹಳೆಯ ನಂಟೇ ಇದೆಯಲ್ಲ.

ಗೆಳೆಯ: ನಂಟು ಇದೆ. ಕಂಪನಿ ಸರ್ಕಾರ ಗೋರಾ ಸಿಪಾಯಿಗಳಿಗೆ ಹಡಗುಗಟ್ಟಲೆ ಪೋರ್ಟರ್ ತರಿಸುತ್ತಿತ್ತು. 1915ರಲ್ಲಿ ಥಾಮಸ್ ಲೀಶ್‌ಮನ್ ದಕ್ಷಿಣದ ಐದು ಬ್ರೂವರಿ ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಅದರಲ್ಲಿ 1885ರ ಬೆಂಗಳೂರು ಬ್ರೂಯಿಂಗ್ ಕಂಪನಿಯೂ ಇತ್ತು. ಹಾಗ್ಸ್‌ಹೆಡ್ ಎಂಬ ದೊಡ್ಡ ಪೀಪಾಯಿಗಳನ್ನು ಎತ್ತಿನಗಾಡಿಯಲ್ಲಿ ಹೇರಿ ದಂಡಿನವರಿಗೆ ಮುಟ್ಟಿಸುತ್ತಿದ್ದರು. ಒಂದರಲ್ಲಿ 54 ಗ್ಯಾಲನ್, ಅಂದರೆ ಸುಮಾರು 245 ಲೀಟರ್. ಆಮೇಲೆ ಬಾಟಲಿ ಬಂತು, ತಣ್ಣನೆ ಲಾಗರ್ ಬಂತು, ಕಪ್ಪು ಬಿಯರ್ ಮರೆತೇ ಹೋಯಿತು. ಬೆಂಗಳೂರಿನಲ್ಲಿ 2010-11ರ ಹೊತ್ತಿಗೆ ಟಾಯ್ಟ್, ಬಿಯರ್ ಕ್ಲಬ್ ಮುಂತಾದ ಮೈಕ್ರೋಬ್ರೂವರಿಗಳು ಶುರುವಾದ ಮೇಲೆ ಮತ್ತೆ ಸ್ಟೌಟ್ ಕಂಡಿತು. ಆದರೆ ಅಂಗಡಿಯ ಲೆಕ್ಕ ಬೇರೆ. ಗೋಧಿ ಬಿಯರಿನ ತೊಟ್ಟಿ ವಾರಗಳಲ್ಲಿ ಖಾಲಿಯಾಗಿ ದುಡ್ಡಾಗುತ್ತದೆ. ಒಂದು ಪೀಪಾಯಿ ಆರು ತಿಂಗಳು ಮೂಲೆಯಲ್ಲಿ ಕೂತರೆ ಮಾಲೀಕರಿಗೆ ನಿದ್ದೆ ಬರುವುದಿಲ್ಲ.

ಹಿರಿಯರು: ಸೆಖೆಯೂ ಇದೆ.

ಗೆಳೆಯ: ಅದೇ ದೊಡ್ಡ ಮಾತು. ಬೆಂಗಳೂರಿನ ವಿಸ್ಕಿ ಕಂಪನಿ ಅಮೃತ್‌ನವರನ್ನು ನೋಡಿ. 1948ರ ಕಂಪನಿ, 2004ರಲ್ಲಿ ಗ್ಲಾಸ್ಗೋಗೆ ಹೋಗಿ ತಮ್ಮ ಸಿಂಗಲ್ ಮಾಲ್ಟ್ ಬಿಡುಗಡೆ ಮಾಡಿದರು. ಸ್ಕಾಟ್ಲೆಂಡಿನ ಪೀಪಾಯಿಯಿಂದ ವರ್ಷಕ್ಕೆ ಎರಡು ಶೇಕಡಾ ಆವಿಯಾದರೆ ಬೆಂಗಳೂರಿನಲ್ಲಿ ಹತ್ತು ಹನ್ನೆರಡು. ಅಲ್ಲಿನವರು ಅದನ್ನು ದೇವತೆಗಳ ಪಾಲು ಅನ್ನುತ್ತಾರೆ. ಅಮೃತ್‌ನವರು ತಮ್ಮ ಒಂದು ವಿಸ್ಕಿಗೆ ದುರಾಸೆಯ ದೇವತೆಗಳು ಅಂತಲೇ ಹೆಸರಿಟ್ಟರು, ಗ್ರೀಡಿ ಏಂಜಲ್ಸ್. ನಾಲ್ಕೈದು ವರ್ಷಕ್ಕೇ ಅವರ ವಿಸ್ಕಿ ಹಣ್ಣಾಗುತ್ತದೆ. ಹವೆಯನ್ನು ದೂರಲಿಲ್ಲ, ಅದರ ಜೊತೆ ಕೆಲಸ ಮಾಡಿದರು. ಅದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಗೆಳತಿ: ವಿಸ್ಕಿ ಅರವತ್ತು ಶೇಕಡಾದ ಹತ್ತಿರ ಪೀಪಾಯಿಗೆ ಹೋಗುತ್ತದೆ, ಅದರಲ್ಲಿ ಯಾವ ಕ್ರಿಮಿಯೂ ಬದುಕದು. ಹನ್ನೆರಡು ಶೇಕಡಾದ ಬಿಯರಿಗೆ ಆ ರಕ್ಷಣೆ ಇಲ್ಲ. ಗೂಸ್ ಐಲ್ಯಾಂಡ್‌ನವರದೇ 2015ರ ಬಾಟಲಿಗಳಲ್ಲಿ ಕೆಲವು ಹುಳಿಯಾದವಲ್ಲ? ಲ್ಯಾಕ್ಟೋಬ್ಯಾಸಿಲಸ್‌ನ ಒಂದು ಜಾತಿ ಹೊಕ್ಕಿತ್ತು. 2016ರಲ್ಲಿ ಜನರಿಗೆ ದುಡ್ಡು ಮರಳಿಸಿದರು, ಆಮೇಲೆ ಬಿಯರನ್ನು ಕ್ಷಣಕಾಲ ಬಿಸಿ ಮಾಡಿ ತುಂಬಲು ಶುರು ಮಾಡಿದರು. ಶಿಕಾಗೋದಲ್ಲೇ ಹೀಗಾದರೆ ಮೇ ತಿಂಗಳ ದಾಂಡೇಲಿಯಲ್ಲಿ ಏನಾದೀತು?

ಹಿರಿಯರು: ಮೇ ಒಂದೇ ಅಲ್ಲ. ಜೂನಿನಿಂದ ನಾಲ್ಕು ತಿಂಗಳು ಇಲ್ಲಿ ಬಾಗಿಲು ಚೌಕಟ್ಟಿಗೆ ಕೂಡುವುದಿಲ್ಲ, ಅಷ್ಟು ಉಬ್ಬುತ್ತದೆ. ಮಾರ್ಚಿನಲ್ಲಿ ಅದೇ ಬಾಗಿಲಿನ ಸಂದಿಯಲ್ಲಿ ಬೆರಳು ಹೋಗುತ್ತದೆ. ತುಂಬಿದ ಪೀಪಾಯಿಯ ಒಳಮೈ ಒದ್ದೆಯೇ ಇರುತ್ತದೆ, ಸರಿ. ಹೊರಮೈ ಒಣಗಿದರೆ ಪಟ್ಟಿ ಸಡಿಲಾಗುತ್ತದೆ.

ಗೆಳೆಯ: ಇಲ್ಲಿ ಎರಡು ದಾರಿಯಿದೆ. ಫೌಂಡರ್ಸ್‌ನವರು ಪೀಪಾಯಿಗಳನ್ನು ಊರ ಕೆಳಗಿನ ಹಳೆಯ ಜಿಪ್ಸಮ್ ಗಣಿಯಲ್ಲಿ ಇಡುತ್ತಾರೆ. ವರ್ಷವಿಡೀ ಒಂದೇ ತಂಪು. ಗೂಸ್ ಐಲ್ಯಾಂಡ್‌ನವರು ಶಿಕಾಗೋದ ಬೇಸಿಗೆ, ಚಳಿ ಎರಡಕ್ಕೂ ಒಡ್ಡುತ್ತಾರೆ. ಬಿಸಿಗೆ ಬಿಯರ್ ಹಿಗ್ಗಿ ಮರದೊಳಗೆ ನುಗ್ಗುತ್ತದೆ, ಚಳಿಗೆ ಕುಗ್ಗಿ ರುಚಿ ಹೊತ್ತು ಹೊರಗೆ ಬರುತ್ತದೆ. ‘ಇ’ ಲೋಟಕ್ಕೂ ‘ಈ’ ಲೋಟಕ್ಕೂ ಇರುವ ಅಂತರದಲ್ಲಿ ಇದರ ಪಾಲೂ ಇದೆ ಅಂತ ನನಗನಿಸುತ್ತದೆ. ನಮ್ಮಲ್ಲಿ ವರ್ಷದ ಮಾತು ಬೇಡ. ಮೂರೋ ನಾಲ್ಕೋ ತಿಂಗಳು, ಅರ್ಧ ಕಾಲ ಹೊರಗೆ, ಅರ್ಧ ಕಾಲ ತಂಪು ಕೋಣೆಯಲ್ಲಿ. ಅಮೃತ್ ವಿಸ್ಕಿ ಹೊತ್ತ ಪೀಪಾಯಿ ಒಂದು ಸಿಕ್ಕರೆ, ಅದಕ್ಕೆ ತಕ್ಕ ಗಡುಸು ಸ್ಟೌಟ್ ನಾನು ಮಾಡಬಲ್ಲೆ. ಬೆಂಗಳೂರಿನ ಸೆಖೆ ಕುಡಿದ ಮರ ಏನು ಹೇಳುತ್ತದೆ ಅಂತ ಕೇಳುವ ಆಸೆ.

ಗೆಳತಿ: ಮಾಡು. ಆದರೆ ಸಣ್ಣ ಬಾಟಲಿಗೆ ತುಂಬು. ಹಳಿಯಾಳದ ನಮ್ಮ ಓಣಿಯಲ್ಲಿ ಸಾರಾಯಿ ಪಾಕೀಟು ಹರಿದು ಬಿಸಾಡಿದ ಪ್ಲಾಸ್ಟಿಕ್ಕಿನ ಮೇಲೆ ನಡೆದು ನಾನು ಶಾಲೆಗೆ ಹೋದವಳು. 2007ರ ಜುಲೈನಲ್ಲಿ ಸಾರಾಯಿ ನಿಂತಾಗ ನಮ್ಮ ಓಣಿಯ ಹೆಂಗಸರು ಎಷ್ಟು ಖುಷಿಪಟ್ಟರು ಅಂತ ನೋಡಿದ್ದೇನೆ. ಆ ಕುಡಿತದಲ್ಲಿ ರುಚಿಯ ಮಾತೇ ಇರಲಿಲ್ಲ. ಕಣ್ಣು ಮುಚ್ಚಿ, ಉಸಿರು ಹಿಡಿದು, ಒಂದೇ ಗುಕ್ಕಿಗೆ. ನಾನು ಈ ಮೇಜಿಗೆ ಬಂದು ಕೂತದ್ದು ಇಲ್ಲಿ ಮೂಸಿ, ಮಾತಾಡಿ, ಲೋಟದಲ್ಲಿ ಉಳಿಸಲೂ ಬಹುದು ಎಂಬ ಕಾರಣಕ್ಕೆ. ಕಾಕಾ, ನಿಮ್ಮ ‘ಇ’ ಲೋಟದಲ್ಲಿ ಇನ್ನೂ ಅರ್ಧ ಇದೆ. ಬೇಡವಾದರೆ ಚೆಲ್ಲಿಬಿಡಿ.

ಹಿರಿಯರು: ಚೆಲ್ಲುತ್ತೇನೆ, ಕಾಫಿ ನನಗೆ ಬೆಳಿಗ್ಗೆಗೆ ಸಾಕು. ಪೀಪಾಯಿಯೊಳಗಿನ ಬಿಯರ್ ಹದಕ್ಕೆ ಬಂದದ್ದು ಹೇಗೆ ತಿಳಿಯುತ್ತೀ? ಬಿರಡೆ ತೆಗೆದರೆ ಗಾಳಿ ಹೊಕ್ಕಿತು.

ಗೆಳೆಯ: ಬಿರಡೆ ಮುಟ್ಟುವುದಿಲ್ಲ. ಪೀಪಾಯಿಯ ಮುಖದ ಹಲಗೆಯಲ್ಲಿ ಸಣ್ಣ ತೂತು, ಅದಕ್ಕೆ ಸ್ಟೀಲ್ ಮೊಳೆ. ಮೊಳೆ ಕಿತ್ತರೆ ದಾರದಂತೆ ಬಿಯರ್ ಬರುತ್ತದೆ, ಲೋಟಕ್ಕೆ ಹಿಡಿದು ಮತ್ತೆ ಮೊಳೆ ಕೂರಿಸುವುದು. ಕ್ಯಾಲಿಫೋರ್ನಿಯಾದ ರಷ್ಯನ್ ರಿವರ್ ಬ್ರೂವರಿಯ ವಿನ್ನಿ ಚಿಲುರ್ಜೋ ಹೆಸರಿನಲ್ಲೇ ಅದನ್ನು ವಿನ್ನಿ ಮೊಳೆ ಅನ್ನುತ್ತಾರೆ.

ಹಿರಿಯರು: ಒಳ್ಳೆಯ ಯುಕ್ತಿ. ಆದರೆ ನೇರ ಮೊಳೆ ಹೊಡೆದೀಯ, ಓಕು ಸೀಳುತ್ತದೆ. ಮೊದಲು ಮೊಳೆಗಿಂತ ಕೂದಲಷ್ಟು ಸಣ್ಣ ಬೈರಿಗೆಯಿಂದ ಕೊರೆಯಬೇಕು. ಗಂಟಿನ ಹತ್ತಿರ ಬೇಡ, ಎರಡು ಹಲಗೆ ಕೂಡುವಲ್ಲಿಯೂ ಬೇಡ. ಎಳೆ ನೇರ ಇರುವ ನಡುವಿನ ಹಲಗೆ ಆರಿಸು. ಪೀಪಾಯಿ ಬಂದ ದಿನ ಫೋನ್ ಮಾಡು. ತೂತು ನಾನು ಕೊರೆಯುತ್ತೇನೆ.

ಗೆಳತಿ: ತಿಂಗಳಿಗೊಮ್ಮೆ ತೂಕವೂ ಆಗಲಿ. ಎಷ್ಟು ಆವಿಯಾಯಿತು ಅಂತ ನಾನು ಬರೆದಿಡುತ್ತೇನೆ. ಅದೇ ಸ್ಟೌಟನ್ನು ಒಂದಿಷ್ಟು ಪೀಪಾಯಿಗೆ ಹಾಕದೆ ಸ್ಟೀಲಿನಲ್ಲಿ ತೆಗೆದಿಡು. ಪಕ್ಕದಲ್ಲಿ ಅದಿಲ್ಲದಿದ್ದರೆ ನಾನು ಲೋಟ ಮುಟ್ಟುವುದಿಲ್ಲ.

ಗೆಳೆಯ: ಇಪ್ಪತ್ತು ಲೀಟರ್ ತೆಗೆದಿಡುತ್ತೇನೆ. ಚೀಟಿ ಬರೆಯುವ ಕೆಲಸ ಮತ್ತೆ ನಿನ್ನದೇ.